ಬಿಸಿಲುಗಾಲದಲ್ಲಿ ದೊಡ್ಡ ಉದ್ಯಾನ ನೋಡಲು ಹೊರಟಿದ್ದೇವೆ, ಹೇಗೆ ಪ್ಲಾನ್ ಮಾಡಲಿ?

ಕೇಳಿದವರು:
ಮುಂದಿನ ವಾರ ಮನೆಯವರೆಲ್ಲ ಸೇರಿ ಒಂದು ದೊಡ್ಡ ಸಸ್ಯೋದ್ಯಾನಕ್ಕೆ ಹೋಗುತ್ತಿದ್ದೇವೆ. ಸಿಕ್ಕಿರುವುದು ಒಂದೇ ದಿನ, ಬಿಸಿಲೋ ಜೋರಾಗಿದೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಮಗನಿಗೆ ಐದು ವರ್ಷ. ಪಾಪುಗೆ ಎಂಟು ತಿಂಗಳು, ಸ್ಟ್ರೋಲರ್‌ನಲ್ಲಿ ಇರುತ್ತಾಳೆ. ಒಂದೂ ಬಿಡದೆ ಎಲ್ಲ ನೋಡಬೇಕು ಅಂತ ಆಸೆ. ಬೇಸಿಗೆಯಲ್ಲಿ ಹೀಗೆ ಹೋಗಿ ಬಂದವರು ದಯವಿಟ್ಟು ಅನುಭವ ಹೇಳಿ.

ವಯಸ್ಸಾದ ಅಪ್ಪ ಅಮ್ಮನ ಜೊತೆ ಸುತ್ತುವವರು:
ಎಲ್ಲ ನೋಡಬೇಕು ಅನ್ನುವುದನ್ನು ಮೊದಲು ಕೈಬಿಡಿ. ಬೇಸಿಗೆಯಲ್ಲಿ ಉದ್ಯಾನದ ದಾರಿಯನ್ನು ತೀರ್ಮಾನ ಮಾಡಬೇಕಾದ್ದು ನೆರಳು, ನಾವಲ್ಲ. ಬಾಗಿಲಲ್ಲೇ ನಕ್ಷೆಯ ಬೋರ್ಡ್ ಇರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ. ದೊಡ್ಡ ಮರಗಳ ಸಾಲು, ಕುಡಿಯುವ ನೀರು, ಶೌಚಾಲಯ, ಕೂರುವ ಜಾಗ ಎಲ್ಲೆಲ್ಲಿವೆ ನೋಡಿ. ಇವು ಒಂದಕ್ಕೊಂದು ಹತ್ತಿರ ಇರುವ ಕಡೆ ನಿಮ್ಮ ಠಾಣೆ ಹಾಕಿ. ಅಮ್ಮ ಅಲ್ಲಿ ಆರಾಮಾಗಿ ಕೂರಲಿ. ನೀವು ಮಗನನ್ನು ಕರೆದುಕೊಂಡು ಸಣ್ಣ ಸಣ್ಣ ಸುತ್ತು ಹೋಗಿ ಬನ್ನಿ. ಎಲ್ಲರೂ ಎಲ್ಲ ಕಡೆ ಒಟ್ಟಿಗೇ ನಡೆಯಬೇಕು ಅಂತೇನೂ ಇಲ್ಲ, ಅಲ್ವಾ?

ಬಿಸಿಲಿನ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿ. ಗುಲಾಬಿ ತೋಟ, ಹುಲ್ಲುಹಾಸು, ಹೂವಿನ ಪಾತಿ, ಕಳ್ಳಿ ಗಿಡಗಳ ಭಾಗ, ಎಲ್ಲಾ ಬಯಲಲ್ಲೇ ಇರುತ್ತವೆ. ಸೂರ್ಯ ನೆತ್ತಿಗೆ ಬರುವುದು ನಡುಮಧ್ಯಾಹ್ನಕ್ಕಾದರೂ ಗಾಳಿ ಜಾಸ್ತಿ ಕಾಯುವುದು ಅದಾದ ಮೇಲೆ, ಸಾಮಾನ್ಯವಾಗಿ 2ರಿಂದ 4 ಗಂಟೆಯೊಳಗೆ. ಹನ್ನೆರಡು ದಾಟಿತು, ಇನ್ನು ಇಳಿಯುತ್ತದೆ ಅಂತ ಹೊರಟರೆ ತೊಂದರೆ. ಮಗನಿಗೆ ಒಂದು ಆಟ ಹೇಳಿಕೊಡಿ: ನಿನ್ನ ನೆರಳು ನಿನಗಿಂತ ಗಿಡ್ಡ ಆದಾಗ ನಾವು ಮರದ ಕೆಳಗೆ ಹೋಗೋಣ ಅಂತ. ಆ ಹೊತ್ತಿನ ಬಿಸಿಲೇ ಚರ್ಮವನ್ನು ಹೆಚ್ಚು ಸುಡುವುದು. ಮಕ್ಕಳು ನಿಮಗಿಂತ ಮೊದಲು ಗಮನಿಸಿ ಎಳೆದುಕೊಂಡು ಹೋಗುತ್ತಾರೆ.

ಇನ್ನೊಬ್ಬರು:
ಗಾಜಿನ ಮನೆ ಇದ್ದರೆ ಮಧ್ಯಾಹ್ನ ಒಳಗೆ ಹೋಗಬೇಡಿ. ಸೂರು ಇದೆ, ತಂಪಾಗಿರುತ್ತದೆ ಅಂದುಕೊಂಡು ತುಂಬ ಜನ ನುಗ್ಗುತ್ತಾರೆ. ಬೆಳಕು ಗಾಜಿನಿಂದ ಒಳಗೆ ಬರುತ್ತದೆ, ಕಾದ ಗಾಳಿ ಹೊರಗೆ ಹೋಗುವುದಿಲ್ಲ. ಗಿಡಗಳಿಗಾಗಿ ತೇವ ಬೇರೆ ಇಟ್ಟಿದ್ದರೆ ಬೆವರು ಆರುವುದೇ ಇಲ್ಲ. ಕಬ್ಬಿಣದ ಬೆಂಚು, ಕಲ್ಲುಹಾಸಿನ ಬಗ್ಗೆಯೂ ಹುಷಾರು. ಮಗುವನ್ನು ಕೂರಿಸುವ ಮೊದಲು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ.

ನರ್ಸ್ ಆಗಿ ಕೆಲಸ ಮಾಡುವವರು:
ಅಮ್ಮನ ವಿಷಯಕ್ಕೆ ಬರುತ್ತೇನೆ. ವಯಸ್ಸಾದ ಮೇಲೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. "ನೀರು ಬೇಕಾ ಅಮ್ಮಾ?" ಅಂತ ಕೇಳಿದರೆ ಬೇಡ ಅಂತಲೇ ಹೇಳುತ್ತಾರೆ. ಕೇಳಬೇಡಿ, ಆಗಾಗ ಲೋಟಕ್ಕೆ ಹಾಕಿ ಕೈಗೇ ಕೊಡಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತಲೂ ಹಲವರು ಕುಡಿಯುವುದಿಲ್ಲ. ಹಾಗಾಗಿ ಶೌಚಾಲಯದ ಹತ್ತಿರ ಠಾಣೆ ಹಾಕಿ ಅಂದ ಮಾತನ್ನು ನಾನೂ ಒಪ್ಪುತ್ತೇನೆ. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ, ಬಿಸಿಲಲ್ಲಿ ತಲೆ ಸುತ್ತಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಹೊರಡುವ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ. ಉಪ್ಪು ಸಕ್ಕರೆ ನೀರೂ ಅಷ್ಟೇ. ಸುಮ್ನೆ ನೆರಳಲ್ಲಿ ಓಡಾಡಲು ಅದು ಬೇಕಾಗಿಲ್ಲ, ಬಿಪಿ ಇರುವವರಿಗೆ ಕೇಳದೆ ಕೊಡುವುದು ಬೇಡ.

ಪಾಪುಗೆ ಹಾಲು ಮಾಮೂಲಿಗಿಂತ ಪದೇ ಪದೇ ಕೊಡಿ. ಇನ್ನೊಂದನ್ನು ಒತ್ತಿ ಹೇಳುತ್ತೇನೆ: ಬಿಸಿಲು ಬೀಳದಿರಲಿ ಅಂತ ಸ್ಟ್ರೋಲರ್ ಮೇಲೆ ಬಟ್ಟೆ ಹೊದಿಸಿ ಮುಚ್ಚಬೇಡಿ. ತೆಳು ಬಟ್ಟೆಯಾದರೂ ಗಾಳಿ ನಿಂತು ಒಳಗೆ ಹೊರಗಿಗಿಂತ ಜಾಸ್ತಿ ಕಾಯುತ್ತದೆ. ಮಗು ನಿದ್ದೆ ಮಾಡುತ್ತಿದೆ ಅಂತ ನಾವು ನೆಮ್ಮದಿಯಾಗಿರುತ್ತೇವೆ. ನೆರಳಲ್ಲಿ ನಿಲ್ಲಿಸಿ, ಮುಖ ಕಾಣುವಂತೆ ಇಟ್ಟುಕೊಳ್ಳಿ, ಕತ್ತಿನ ಹಿಂದೆ ಕೈ ಇಟ್ಟು ನೋಡುತ್ತಿರಿ.

ಯಾರಿಗಾದರೂ ತಲೆನೋವು, ವಾಕರಿಕೆ, ಸುಸ್ತು ಶುರುವಾದರೆ ಅಲ್ಲಿಗೆ ತಿರುಗಾಟ ನಿಲ್ಲಿಸಿ. ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲ ಮಾಡಿ, ಮೈಮೇಲೆ ನೀರು ಚಿಮುಕಿಸಿ ಗಾಳಿ ಬೀಸಿ. ಮಾತು ತೊದಲಿದರೆ, ಎಲ್ಲಿದ್ದೇವೆ ಅಂತ ಗೊತ್ತಾಗದಿದ್ದರೆ ಅದು ಬರೀ ಸುಸ್ತಲ್ಲ, ಬಿಸಿಲಾಘಾತ ಇರಬಹುದು. ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮೈ ತಣಿಸುತ್ತಲೇ ಆಂಬ್ಯುಲೆನ್ಸ್ ಕರೆಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಉದ್ಯಾನದಲ್ಲೇ ಗಿಡ ನೋಡಿಕೊಳ್ಳುವವರು:
ಎಲ್ಲರೂ ಜೋಪಾನದ ಮಾತು ಹೇಳಿದ್ದಾರೆ. ನಾನು ನೋಡುವ ಮಾತು ಹೇಳುತ್ತೇನೆ. ಬೆಳಿಗ್ಗೆ ಬಂದವರಿಗೆ ಸಿಗುವ ಉದ್ಯಾನವೇ ಬೇರೆ.

ತಾವರೆ ಕೊಳ ಇದ್ದರೆ ನೇರ ಅಲ್ಲಿಗೆ ಹೋಗಿ. ತಾವರೆ ಬೆಳಿಗ್ಗೆ ಅರಳುತ್ತದೆ, ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುತ್ತದೆ. ಹೂವಿನ ನಡುವಿನ ದಿಂಡು ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ, ಸುತ್ತ ಗಾಳಿ ತಣ್ಣಗಿದ್ದರೂ 30 ಡಿಗ್ರಿಗಿಂತ ಮೇಲೇ ಇರುತ್ತದೆ. ಒಳಗೆ ನುಗ್ಗಿದ ದುಂಬಿಗಳು ಬೆಚ್ಚಗೆ ಅಲ್ಲೇ ಉಳಿಯುತ್ತವೆ. ಎಲೆಯ ಮೇಲೆ ನೀರಿನ ಹನಿ ಹೇಗೆ ಉರುಳುತ್ತದೆ ಅಂತ ಮಗನಿಗೆ ತೋರಿಸಿ. ಎಲೆ ಒದ್ದೆಯಾಗುವುದೇ ಇಲ್ಲ, ಹನಿ ಧೂಳನ್ನು ಹೊತ್ತುಕೊಂಡೇ ಜಾರುತ್ತದೆ. ಹತ್ತಿರದಲ್ಲಿ ಅಮೆಜಾನಿನ ವಿಕ್ಟೋರಿಯಾ ನೈದಿಲೆ ಇದ್ದರೆ ಅದರ ತಟ್ಟೆಯಂಥ ಎಲೆಗಳನ್ನೂ ನೋಡಿ. ಎರಡು ಮೀಟರಿಗಿಂತ ಅಗಲ ಬೆಳೆಯುತ್ತವೆ. ಹೂವು ಮಾತ್ರ ಸಂಜೆ ಅರಳುವುದು, ಮೊದಲ ದಿನ ಬಿಳಿ, ಮರುದಿನ ಗುಲಾಬಿ ಬಣ್ಣ.

ಮಧ್ಯಾಹ್ನ ಅಗಲ ಎಲೆಯ ಗಿಡಗಳು ಸೊರಗಿ ಜೋತು ಬಿದ್ದಿರುತ್ತವೆ. ನೀರು ಹಾಕಿಲ್ಲವಾ ಅಂತ ಜನ ನಮ್ಮನ್ನು ಕೇಳುತ್ತಾರೆ. ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತಿರುತ್ತದೆ, ಅಷ್ಟೇ. ಸಂಜೆ ಅದೇ ಗಿಡ ನೋಡಿ, ಎದ್ದು ನಿಂತಿರುತ್ತದೆ. ಮರದ ಕೆಳಗೆ ತಂಪಾಗಿರುವುದೂ ಅದೇ ಆವಿಯಿಂದ. ಬರೀ ನೆರಳಿನಿಂದಲ್ಲ.

ಎರಡು ಎಚ್ಚರಿಕೆ ಇದೆ. ಕಣಗಿಲೆಯನ್ನು ಅಂದಕ್ಕಾಗಿ ಎಲ್ಲೆಡೆ ನೆಡುತ್ತಾರೆ, ಅದರ ಎಲೆ, ಹೂವು, ಕಡ್ಡಿ ಎಲ್ಲ ವಿಷ. ಮಗ ಏನನ್ನೂ ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಮತ್ತೆ, ಹಳೆಯ ಮರಗಳ ಉದ್ದನೆಯ ಅಡ್ಡ ಕೊಂಬೆಗಳು ಗಾಳಿಯೇ ಇಲ್ಲದ ಬಿಸಿ ಮಧ್ಯಾಹ್ನವೂ ಮುರಿದು ಬೀಳುವುದುಂಟು. ಹಗ್ಗ ಕಟ್ಟಿದ ಕಡೆ ಎಷ್ಟೇ ನೆರಳಿದ್ದರೂ ಒಳಗೆ ಕೂರಬೇಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಕಷ್ಟ, ನಮ್ಮ ಬಸ್ ಅಲ್ಲಿಗೆ ತಲುಪುವುದೇ 11 ಗಂಟೆಗೆ. ಮಗ ಗಾಜಿನ ಮನೆ ನೋಡಲೇಬೇಕು ಅಂತ ಹಠ ಹಿಡಿದಿದ್ದಾನೆ.

ವಯಸ್ಸಾದ ಅಪ್ಪ ಅಮ್ಮನ ಜೊತೆ ಸುತ್ತುವವರು:
ಹಾಗಾದರೆ ದಿನವನ್ನೇ ತಿರುಗಿಸಿ. ಹೋದ ಕೂಡಲೇ ನೆರಳಿನ ಠಾಣೆ ಸೇರಿ, ಊಟ, ಪಾಪುವಿನ ನಿದ್ದೆ, ಅಮ್ಮನ ವಿಶ್ರಾಂತಿ ಅಲ್ಲೇ ಆಗಲಿ. ನಾಲ್ಕು ದಾಟಿದ ಮೇಲೆ ಸುತ್ತಾಟ ಶುರು ಮಾಡಿ, ಗಾಜಿನ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಆದರೆ ಇಂಥ ಕಟ್ಟಡಗಳನ್ನು ಎಷ್ಟೋ ಕಡೆ ಉದ್ಯಾನಕ್ಕಿಂತ ಮೊದಲೇ ಮುಚ್ಚುತ್ತಾರೆ. ಟಿಕೆಟ್ ಕೊಡುವಲ್ಲೇ ಮುಚ್ಚುವ ಹೊತ್ತು ಕೇಳಿಕೊಳ್ಳಿ. ಬೇಗ ಮುಚ್ಚುವುದಾದರೆ ಬಂದ ತಕ್ಷಣ ನೀವು ಮಗ ಇಬ್ಬರೇ ಹತ್ತು ನಿಮಿಷ ಒಳಗೆ ಹೋಗಿ ಬನ್ನಿ. ಅಮ್ಮ, ಪಾಪು ಹೊರಗೆ ಮರದ ಕೆಳಗೇ ಇರಲಿ, ಜೊತೆಗೆ ಮನೆಯವರು ಯಾರಾದರೂ ಇರಲಿ.