‘ಟರ್ನೋವರ್’ ಎಂದರೆ ವಹಿವಾಟೇ?

ಪ್ರಶ್ನೆ, ಶಿರಸಿಯಿಂದ: ಕಾನು (ದಟ್ಟ ಹಸಿರು ಕಾಡು), ಬೇಣ (ಹುಲ್ಲುಗಾವಲು), ಕುರ್ವೆ (ಹೊಳೆಯ ನಡುಗಡ್ಡೆ) ಇವುಗಳ ಸಸ್ಯಗಣತಿಯ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಪೀಶೀಸ್ ಟರ್ನೋವರ್’ಗೆ ಪ್ರಭೇದ ವಹಿವಾಟು, ‘ನೆಸ್ಟೆಡ್‌ನೆಸ್’ಗೆ ಗೂಡುಕಟ್ಟುವಿಕೆ ಎಂದರೆ ನಡೆದೀತೇ? ಆಲ್ಫಾ, ಬೀಟಾ, ಗಾಮಾ ವೈವಿಧ್ಯಕ್ಕೆ ಏನೆನ್ನಲಿ?

ಉತ್ತರ, ಕುಮಟಾದಿಂದ: ನಡೆಯದು. ವಹಿವಾಟು ಅಡಿಕೆ ಮಂಡಿಯದು, ಗೂಡು ಹಕ್ಕಿಯದು.

ಆಲ್ಫಾ, ಬೀಟಾ, ಗಾಮಾ ಹಾಗೇ ಇರಲಿ. 1960ರಲ್ಲಿ ಪರಿಸರ ವಿಜ್ಞಾನಿ ವಿಟ್ಟೇಕರ್ ಬರೀ ಅಕ್ಷರಗಳನ್ನೇ ಹೆಸರಾಗಿಸಿದ್ದು; ಅಕ್ಷರಕ್ಕೆ ಎಂಥ ಅನುವಾದ? ಮೊದಲ ಸಲ ಬಂದಲ್ಲಿ ಬಿಡಿಸಿ ಹೇಳಿ: ಒಂದು ನೆಲೆಯೊಳಗಿನದು ಆಲ್ಫಾ, ಇಡೀ ಸೀಮೆಯದು ಗಾಮಾ, ನೆಲೆಯಿಂದ ನೆಲೆಗೆ ಬೀಳುವ ವ್ಯತ್ಯಾಸ ಬೀಟಾ.

ಆ ವ್ಯತ್ಯಾಸ ಎರಡು ಬಗೆ. ಒಂದು ಪ್ರಭೇದ ಹೋಗಿ ಆ ಜಾಗಕ್ಕೆ ಇನ್ನೊಂದು ಬಂದರೆ ‘ಪಲ್ಲಟ’. ಟರ್ನೋವರ್ ಅಂದರೆ ಇದೇ. ಡಬ್ಬಿಯೊಳಗೆ ಡಬ್ಬಿ ಕೂತ ಹಾಗೆ ಒಂದು ನೆಲೆಯ ಸಣ್ಣ ಪಟ್ಟಿ ಇನ್ನೊಂದರ ದೊಡ್ಡ ಪಟ್ಟಿಯೊಳಗೇ ಅಡಗಿದ್ದರೆ ‘ಒಳಗೊಳಿಕೆ’. ನೆಸ್ಟೆಡ್‌ನೆಸ್ ಅಂದರೆ ಇದು.

ಉದಾಹರಣೆಗೆ, ಕಾನಿನಲ್ಲಿ 40 ಪ್ರಭೇದ, ಬೇಣದಲ್ಲಿ 12, ಎರಡರಲ್ಲೂ ಇರುವವು 4 ಎಂದಿಟ್ಟುಕೊಳ್ಳಿ. ಒಟ್ಟು 48, ನೆಲೆಯೊಂದಕ್ಕೆ ಸರಾಸರಿ 26. ಒಟ್ಟನ್ನು ಸರಾಸರಿಯಿಂದ ಭಾಗಿಸಿದರೆ ಬೀಟಾ 1.85. ಇನ್ನು ಕಾರವಾರದ ಕಡಲಂಚಿನ ಗುಡ್ಡದಲ್ಲಿ 40, ಕುರುಮಗಡದಂಥ ದ್ವೀಪದಲ್ಲಿ 12, ಆ ಹನ್ನೆರಡೂ ಗುಡ್ಡದಲ್ಲಿರುವವೇ ಎನ್ನಿ. ಒಟ್ಟು 40, ಸರಾಸರಿ ಅದೇ 26, ಬೀಟಾ 1.54. ಅಂಕಿ ನೋಡಿದರೆ ಇಲ್ಲಿಯೂ ಒಂದಿಷ್ಟು ಬದಲಾವಣೆ ಆದಂತೆ ಕಾಣುತ್ತದೆ. ಆದರೆ ಹೊಸದೊಂದು ಗಿಡವೂ ಬಂದಿಲ್ಲ. ಪಲ್ಲಟ ಸೊನ್ನೆ, ಇರುವುದೆಲ್ಲ ಒಳಗೊಳಿಕೆ. ಬೀಟಾವನ್ನೇ ‘ಪಲ್ಲಟ’ ಎಂದು ಬರೆದರೆ ತಪ್ಪಾಗುವುದು ಇದಕ್ಕೇ. 2010ರಲ್ಲಿ ಬಸೆಲ್ಗಾ ಎಂಬ ವಿಜ್ಞಾನಿ ಈ ಎರಡನ್ನು ಬೇರ್ಪಡಿಸುವ ಸೂತ್ರ ಕೊಟ್ಟ ಮೇಲಂತೂ ಒಂದೇ ಪದ ಸಾಲದು.

ವರದಿಯಲ್ಲಿ ಚೌಕಗಳ, ಅಂದರೆ ಗಿಡ ಎಣಿಸಲು ಗುರುತು ಹಾಕಿದ ತುಂಡು ನೆಲಗಳ, ಸಂಖ್ಯೆಯನ್ನೂ ನೋಡಿ. ಗುಡ್ಡದಲ್ಲಿ 20, ದ್ವೀಪದಲ್ಲಿ 5 ಚೌಕ ಹಾಕಿದ್ದರೆ, ಕಣ್ಣಿಗೆ ಬೀಳದ ಗಿಡಗಳೆಲ್ಲ ‘ಇಲ್ಲ’ದ ಲೆಕ್ಕಕ್ಕೆ ಸೇರಿ ಒಳಗೊಳಿಕೆ ಹುಸಿಯಾಗಿ ಹಿಗ್ಗುತ್ತದೆ. ಗಣತಿಯನ್ನು ಸಮಕ್ಕೆ ಇಳಿಸಿ ಹೋಲಿಸುವ ರೇರಿಫ್ಯಾಕ್ಷನ್‌ಗೆ ‘ಸಮಗಣತಿ’ ಆದೀತೇನೋ; ಇದರಲ್ಲಿ ನನಗೆ ಹಟವಿಲ್ಲ.

‘ಸಮೃದ್ಧಿ’ ಮಾತ್ರ ಬೇಡ. ಕೆಲವರು ಅದನ್ನು ರಿಚ್‌ನೆಸ್‌ಗೆ ಬಳಸುತ್ತಾರೆ, ಕೆಲವರು ಅಬಂಡನ್ಸ್‌ಗೆ. ಮೊದಲನೆಯದು ‘ಪ್ರಭೇದ ಸಂಖ್ಯೆ’, ಎರಡನೆಯದು ‘ಗಿಡಗಳ ಸಂಖ್ಯೆ’. ವೈವಿಧ್ಯಕ್ಕೆ ‘ತೆ’ ಹಚ್ಚಿ ವೈವಿಧ್ಯತೆ ಮಾಡುವುದೂ ಬೇಡ.

ಕುರ್ವೆ ಒಳ್ಳೆಯ ಪದ, ಆದರೆ ಅಘನಾಶಿನಿ, ಶರಾವತಿಯಂಥ ಹೊಳೆಗಳ ನಡುಗಡ್ಡೆಗಳಿಗೆ ಮಾತ್ರ. ಕಡಲ ನಡುವಿನ ನೇತ್ರಾಣಿಗೆ ದ್ವೀಪವೆಂದೇ ಬರೆಯಿರಿ.