‘ಸಫಾರಿ’, ‘ಹೈಡ್’, ‘ಎರಡು ಗಂಟೆಗೆ’: ಹಕ್ಕಿ ನೋಡುವ ಮೂರು ದಿನಕ್ಕೆ ಕನ್ನಡದ ಮಾತು

ಕೇಳಿಕೆ:

ಉತ್ತರ ಕನ್ನಡದ ಗಣೇಶಗುಡಿ ಕಡೆ ನಡೆಯುವ ಮೂರು ದಿನದ ಹಕ್ಕಿ ಕಾರ್ಯಕ್ರಮದ ಕರಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಿದೆ. ತಲೆಬರಹಕ್ಕೆ ‘ಬಹುದಿನಗಳ ಮಾರ್ಗದರ್ಶಿತ ಪಕ್ಷಿವೀಕ್ಷಣಾ ಸಫಾರಿ’ ಎಂದು ಬರೆದೆ, ಓದಿದರೆ ಬಾಯಿಗೆ ಹತ್ತುತ್ತಿಲ್ಲ. ಹಕ್ಕಿಗೆ ಕಾಣದಂತೆ ಕೂತು ನೋಡುವ ಹೈಡ್‌ಗೆ ‘ಅಡಗುತಾಣ’, ಬರ್ಡ್ ಬಾತ್‌ಗೆ ‘ಪಕ್ಷಿಸ್ನಾನದ ತೊಟ್ಟಿ’, ಎಂಡೆಮಿಕ್‌ಗೆ ‘ಸ್ಥಳೀಯ’, ಒಬ್ಬರು ಜೀವನದಲ್ಲಿ ಮೊದಲ ಸಲ ಕಂಡ ಹಕ್ಕಿಗೆ ಹೇಳುವ ಲೈಫರ್‌ಗೆ ‘ಹೊಸ ಹಕ್ಕಿ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ಪ್ಲೇಬ್ಯಾಕ್‌ಗೆ ‘ಹಿನ್ನೆಲೆ ಗಾಯನ’ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಕಾಡಿನಲ್ಲಿ ಈ ಕೆಲಸ ಮಾಡುವವರು ನಿಜವಾಗಿ ಏನೆನ್ನುತ್ತಾರೆ, ಬರಹದಲ್ಲಿ ಯಾವುದು ನಿಲ್ಲುತ್ತದೆ, ತಿಳಿದವರು ಹೇಳಬೇಕು.

ಉತ್ತರ:

ಕರಪತ್ರ ಓದಿದವರು ಅದರಲ್ಲಿರುವ ಮಾತನ್ನು ನಂಬಿ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಚಪ್ಪಲಿಯೋ ಶೂಸೋ ಎಂದು ತೀರ್ಮಾನಿಸುತ್ತಾರೆ, ವಯಸ್ಸಾದವರನ್ನು ಕರೆತರಬಹುದೇ ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ಇಲ್ಲಿ ಪದ ತಪ್ಪಿದರೆ ಬಂದವರ ದಿನವೂ ತಪ್ಪುತ್ತದೆ. ಆ ದೃಷ್ಟಿಯಿಂದಲೇ ಒಂದೊಂದನ್ನೂ ನೋಡೋಣ.

ಮೊದಲು ಸಫಾರಿ. ಅರಬ್ಬಿಯ ‘ಸಫರ್’, ಅಂದರೆ ಪ್ರಯಾಣ, ಸ್ವಾಹಿಲಿಗೆ ಹೋಗಿ ಸಫಾರಿಯಾಯಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಆಫ್ರಿಕಾದಲ್ಲಿ ಅದು ಹಲವು ದಿನಗಳ ಪ್ರಯಾಣ. ಕರ್ನಾಟಕದಲ್ಲಿ ಆ ಅರ್ಥ ಉಳಿದಿಲ್ಲ. ಬಂಡೀಪುರ, ನಾಗರಹೊಳೆಗಳ ರೂಢಿಯಿಂದಾಗಿ ಸಫಾರಿ ಎಂದರೆ ಜೀಪು ಅಥವಾ ಬಸ್ಸು, ಕಬಿನಿಯಲ್ಲಾದರೆ ದೋಣಿ. ಎರಡು ಮೂರು ಗಂಟೆ ಸುತ್ತಿ ವಾಪಸು, ನಡುವೆ ಕೆಳಗಿಳಿಯುವಂತಿಲ್ಲ. ಗಣೇಶಗುಡಿಯ ಹಕ್ಕಿ ಕೆಲಸ ಇದಕ್ಕೆ ತದ್ವಿರುದ್ಧ. ಅರ್ಧ ಹೊತ್ತು ನಿಧಾನ ನಡಿಗೆ, ಉಳಿದರ್ಧ ಒಂದೇ ಕಡೆ ಕೂರುವುದು. ಸಫಾರಿ ಎಂದು ಅಚ್ಚು ಹಾಕಿಸಿದರೆ ‘ಜೀಪು ಎಲ್ಲಿ, ಹುಲಿ ಕಾಣುತ್ತದೆಯೇ’ ಎಂದು ಕೇಳುವವರು ಬರುತ್ತಾರೆ. ಅದು ಅವರ ತಪ್ಪಲ್ಲ. ‘ಸವಾರಿ’ ಎನ್ನೋಣವೆಂದರೆ ಹಕ್ಕಿಯ ಮೇಲೆ ಕೂತು ಹೋದಂತಾಗುತ್ತದೆ. ‘ಚಾರಣ’ ಎಂದರೆ ಗುಡ್ಡ ಹತ್ತುವ ಮಾತು, ಮೊಣಕಾಲು ನೋವಿರುವವರು ಸುಮ್ಮನೆ ಹಿಂದೆ ಸರಿಯುತ್ತಾರೆ.

ನನ್ನ ಆಯ್ಕೆ ‘ಶಿಬಿರ’. ಒಂದೇ ಜಾಗದಲ್ಲಿ ಉಳಿದು, ತಿಳಿದವರ ಜೊತೆ ಕಲಿಯುತ್ತ ಕೆಲವು ದಿನ ಕಳೆಯುವುದಕ್ಕೆ ಕನ್ನಡದಲ್ಲಿ ಆಗಲೇ ನೆಲೆಗೊಂಡ ಪದ ಅದು. ರಂಗನತಿಟ್ಟು ನೋಡಿ, ಕಬಿನಿಗೆ ಹೋಗಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಮುಗಿಸುವ ಕಾರ್ಯಕ್ರಮವಾದರೆ ‘ಹಕ್ಕಿ ಪ್ರವಾಸ’ ಎನ್ನಿ. ‘ಮಾರ್ಗದರ್ಶಿತ’ ಬೇಡವೇ ಬೇಡ, ‘ಗೈಡ್ ಜೊತೆಗಿರುತ್ತಾರೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಪಕ್ಷಿವೀಕ್ಷಣೆ’ ಪತ್ರಿಕೆಗಳಲ್ಲಿ ನೆಲೆ ನಿಂತಿದೆ, ತಪ್ಪಲ್ಲ. ಆದರೂ ‘ಹಕ್ಕಿ ನೋಡುವ’ ಎನ್ನುವುದು ಹಗುರ.

‘ಬಹುದಿನ’ವನ್ನೂ ಕೈಬಿಡಿ. ಅದರಲ್ಲಿ ಪದದ ತೊಡಕಿಗಿಂತ ಲೆಕ್ಕದ ತೊಡಕು ದೊಡ್ಡದು. ಮೂರು ದಿನ ಎಂದು ಹೇಳಿ ಮೊದಲ ದಿನ ಮಧ್ಯಾಹ್ನ ಕೋಣೆ ಕೊಟ್ಟು, ಮೂರನೆಯ ದಿನ ಬೆಳಗಿನ ತಿಂಡಿಯ ನಂತರ ಕೋಣೆ ಬಿಡಿಸುತ್ತಾರೆ. ಹಕ್ಕಿ ಚುರುಕಾಗಿರುವುದು ಬೆಳಗ್ಗೆ ಮತ್ತು ಸಂಜೆ. ಹಾಗೆ ಎಣಿಸಿದರೆ ಸಿಗುವುದು ಎರಡು ಬೆಳಗು, ಎರಡು ಸಂಜೆ. ಇದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಮಾತಿದೆ: ‘ಹೊತ್ತು’. ಎರಡು ಹೊತ್ತಿನ ಊಟ ಎನ್ನುವ ಹಾಗೆ ‘ನಾಲ್ಕು ಹೊತ್ತು ಹಕ್ಕಿ ನೋಡುವುದು’ ಎಂದು ಬರೆಯಿರಿ. ಸೆಷನ್‌ಗೆ ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ, ಕೊಟ್ಟ ದುಡ್ಡಿಗೆ ಏನು ಸಿಗುತ್ತದೆಂಬುದೂ ಸ್ಪಷ್ಟ. ಫೆಬ್ರವರಿಯಲ್ಲಿ ಆ ಕಡೆ ಸೂರ್ಯ ಮೂಡುವುದು ಹತ್ತಿರ ಹತ್ತಿರ ಏಳಕ್ಕೆ. ಬೆಳಗಿನ ಹೊತ್ತು ಆರೂವರೆಯಿಂದ ಒಂಬತ್ತೂವರೆ, ಸಂಜೆಯದು ನಾಲ್ಕರಿಂದ ಆರೂವರೆ ಎಂದು ಗಂಟೆ ಸಮೇತ ಹಾಕಿ.

ಇನ್ನು ಹೈಡ್. ‘ಅಡಗುತಾಣ’ ಎಂದ ಕೂಡಲೇ ಪೊಲೀಸರು ದಾಳಿ ಮಾಡಿದ ಸುದ್ದಿ ನೆನಪಾಗುತ್ತದೆ, ಅದನ್ನು ಬಿಡಬೇಕು. ಮಲೆನಾಡಿನ ಶಿಕಾರಿ ಮಾತಿನಲ್ಲಿ ‘ಮರಸು ಕೂರುವುದು’ ಎಂದಿದೆ. ಹಣ್ಣುದುರುವ ಮರದ ಹತ್ತಿರವೋ ನೀರಿನ ಗುಂಡಿಯ ಹತ್ತಿರವೋ ಕಣ್ಣಿಗೆ ಬೀಳದಂತೆ, ಮಿಸುಕಾಡದೆ ಕಾದು ಕೂರುವುದಕ್ಕೆ ಆ ಹೆಸರು. ಮರದ ಮೇಲೆ ಕಟ್ಟಿಕೊಂಡರೆ ಅದು ‘ಅಟ್ಟಣೆ’. ಮರಸು ಎಂಬುದು ‘ಮರೆ’ಯ ಬಳಗದ ಪದವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಅಪರಾಧವಾಯಿತು, ಮಾತು ಮಾತ್ರ ಉಳಿದುಕೊಂಡಿತು. ಬೇಟೆಯ ಪದವನ್ನು ಹಕ್ಕಿ ನೋಡುವವರು ಏಕೆ ಬಳಸಬೇಕೆಂದು ಆಕ್ಷೇಪ ಬರಬಹುದು. ಮಾಡುವ ಕೆಲಸ ಅದೇ, ಕೈಯಲ್ಲಿ ಕೋವಿಯಿಲ್ಲ ಅಷ್ಟೆ. ಒಂದು ಇಡೀ ಕೌಶಲವನ್ನು ಎರಡು ಪದದಲ್ಲಿ ಹಿಡಿದಿಟ್ಟ ಮಾತನ್ನು ಕಳೆದುಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಟ್ಟಿದ ರಚನೆಗೆ ‘ಮರೆ’, ಅದರೊಳಗೆ ಕಾಯುವುದಕ್ಕೆ ‘ಮರಸು ಕೂರುವುದು’. ‘ಬೆಳಗ್ಗೆ ಆರೂವರೆಗೆ ಮರೆಯೊಳಗೆ ಇರಬೇಕು, ಮರಸು ಕೂತ ಮೇಲೆ ಏಳುವಂತಿಲ್ಲ’ ಎಂದರೆ ನಿಯಮವೂ ಸೂಚನೆಯೂ ಒಂದೇ ಸಾಲಿನಲ್ಲಿ ಮುಗಿದವು.

ಮರೆಯ ವಿವರವನ್ನೂ ಕರಪತ್ರದಲ್ಲಿ ನಾಲ್ಕು ಮಾತಿನಲ್ಲಿ ಹೇಳಿ. ಎದುರಿಗೆ ಹಸಿರು ಬಲೆ ಅಥವಾ ಬಟ್ಟೆ, ಕೂತವರ ಕಣ್ಣಿನ ಮಟ್ಟಕ್ಕೆ ಕಿಂಡಿ. ಕೆಡುವುದು ಸಾಮಾನ್ಯವಾಗಿ ಕಿಂಡಿಯಲ್ಲೇ. ಕ್ಯಾಮೆರಾದ ಉದ್ದ ಲೆನ್ಸನ್ನು ಒಂದು ಗೇಣು ಹೊರಗೆ ಚಾಚಿ ಹಕ್ಕಿಯ ಹಿಂದೆ ತಿರುಗಿಸಿದರೆ, ಹೊರಗಿನಿಂದ ನೋಡುವ ಹಕ್ಕಿಗೆ ಮರೆಯೇ ಅಲುಗಾಡಿದಂತೆ ಕಾಣುತ್ತದೆ, ಹಾರಿಬಿಡುತ್ತದೆ. ಲೆನ್ಸಿನ ಬಾಯಿ ಬಲೆಯ ಒಳಗೇ ಇರಬೇಕು. ಬಿಳಿ ಬಟ್ಟೆ ಬೇಡ, ಮೊಬೈಲಿನ ಸದ್ದೂ ಬೆಳಕೂ ಬೇಡ. ಹೊರಗೆ ಹೋಗಲೇಬೇಕಾದರೆ ನೀರಿನ ಮೇಲೆ ಹಕ್ಕಿ ಇಲ್ಲದ ಸಮಯ ನೋಡಿ ಹಿಂಬದಿಯಿಂದ ಹೋಗಬೇಕು.

‘ಸ್ನಾನದ ತೊಟ್ಟಿ’ಯಲ್ಲಿ ಇನ್ನೊಂದು ಅಪಾಯವಿದೆ. ತೊಟ್ಟಿ ಎಂದರೆ ಆಳ. ಓದಿದವರು ಮನೆಯಲ್ಲೂ ಒಂದು ಇಡೋಣವೆಂದು ಬಕೆಟ್ಟಿನಂಥದ್ದನ್ನೇ ತುಂಬಿಸಿಟ್ಟರೆ ಸಣ್ಣ ಹಕ್ಕಿ ಇಳಿಯುವುದಿಲ್ಲ, ಇಳಿದರೂ ಮುಳುಗುವ ಭಯ. ಬೇಕಾದದ್ದು ಅಗಲ ಬಾಯಿಯ, ಅಂಚಿನಿಂದ ನಡುವಿಗೆ ಇಳಿಜಾರಾಗಿರುವ, ಎರಡು ಬೆರಳಿನಷ್ಟು ನೀರು ನಿಲ್ಲುವ ಮಣ್ಣಿನ ಪಾತ್ರೆ. ಅದಕ್ಕೆ ‘ಬೋಗುಣಿ’ ಎನ್ನುವ ಪದ ಮನೆಮನೆಯಲ್ಲಿದೆ. ‘ನೀರಿನ ಬೋಗುಣಿ’ ಎನ್ನಿ. ದಿನವೂ ಉಜ್ಜಿ ನೀರು ಬದಲಿಸಬೇಕು. ಪಾಚಿ ಕಟ್ಟಿದ ಹಳೆಯ ನೀರಿನಿಂದ ಹಕ್ಕಿಗಳಿಗೆ ರೋಗ ಹರಡುತ್ತದೆ. ಕಾಡಿನ ತೊರೆಗಳು ಬತ್ತುತ್ತ ಹೋಗುವ ಫೆಬ್ರವರಿಯಿಂದ ಮೇ ತನಕ ಬೋಗುಣಿಯ ಸುತ್ತ ಹೆಚ್ಚು ಹಕ್ಕಿ, ಮಳೆ ಬಿದ್ದ ಮೇಲೆ ಎಲ್ಲೆಲ್ಲೂ ನೀರು, ಬೋಗುಣಿ ಖಾಲಿ. ತಿಂಗಳು ಆರಿಸುವವರಿಗೆ ಇದು ಮುಖ್ಯ.

ಇದೇ ಜಾಗದ ‘ಓಲ್ಡ್ ಮ್ಯಾಗಜೀನ್ ಹೌಸ್’ ಎಂಬ ಹೆಸರನ್ನು ‘ಹಳೆ ಪತ್ರಿಕಾ ಭವನ’ ಮಾಡಿಬಿಡಬೇಡಿ. ಸೂಪಾ ಅಣೆಕಟ್ಟೆ ಕಟ್ಟುವಾಗ ಸಿಡಿಮದ್ದು ಇಟ್ಟಿದ್ದ ಕಟ್ಟಡ ಅದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಅಂಥ ಕಟ್ಟಡಗಳಿಗೆ ಜನ ‘ಮದ್ದಿನ ಮನೆ’ ಎನ್ನುತ್ತಾರೆ. ಹೆಸರನ್ನು ಹಾಗೇ ಇಟ್ಟು ಪಕ್ಕದಲ್ಲಿ ‘ಹಳೆಯ ಮದ್ದಿನ ಮನೆ’ ಎಂದು ಒಮ್ಮೆ ಹೇಳಿದರೆ ಚೆನ್ನ.

ಪ್ಲೇಬ್ಯಾಕ್ ಎಂದರೆ ಹಕ್ಕಿಯ ದನಿಯನ್ನು ಮೊಬೈಲಿನಿಂದ ಕೇಳಿಸಿ ಅದನ್ನು ಹತ್ತಿರ ಕರೆಯುವುದು. ‘ಹಿನ್ನೆಲೆ ಗಾಯನ’ ಖಂಡಿತ ಅಲ್ಲ. ಹಳೆಯ ಕಾವ್ಯಗಳ ಬೇಟೆಯ ವರ್ಣನೆಯಲ್ಲಿ ‘ದೀಹ’ ಎಂಬ ಪದ ಬರುತ್ತದೆ, ತನ್ನ ಜಾತಿಯದನ್ನೇ ಸೆಳೆಯಲು ಪಳಗಿಸಿ ಮುಂದೆ ನಿಲ್ಲಿಸಿದ ಪ್ರಾಣಿ ಅಥವಾ ಹಕ್ಕಿ. ಪಂಜರದ ಗೌಜಲ ಹಕ್ಕಿಯನ್ನು ಕೂಗಿಸಿ ಕಾಡಿನದನ್ನು ಹಿಡಿಯುವುದೂ ಇದೇ ಬಗೆ. ಮೊಬೈಲಿನ ದನಿ ಮಾಡುವುದೂ ಅದನ್ನೇ, ಎದುರಾಳಿ ತನ್ನ ಜಾಗಕ್ಕೆ ನುಗ್ಗಿದೆಯೆಂದು ನಂಬಿ ಹಕ್ಕಿ ಹೊರಗೆ ಬರುತ್ತದೆ. ಮರಿ ಮಾಡುವ ಕಾಲದಲ್ಲಿ ಅದು ಗೂಡು ಬಿಟ್ಟು ಬರುತ್ತದೆ, ಆಹಾರ ತರಬೇಕಾದ ಹೊತ್ತನ್ನು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆಯುತ್ತದೆ. ‘ದೀಹದ ದನಿ’ ಎಂದರೆ ಆ ವಂಚನೆ ಪದದಲ್ಲೇ ಕಾಣುತ್ತದೆ. ಆದರೆ ದೀಹ ಇಂದು ಎಲ್ಲರಿಗೂ ತಿಳಿಯದು, ಕರಪತ್ರಕ್ಕೆ ‘ದನಿ ಹಾಕಿ ಕರೆಯುವುದಿಲ್ಲ’ ಎಂಬ ಸರಳ ವಾಕ್ಯವೇ ಸಾಕು. ಚಪ್ಪಾಳೆ ತಟ್ಟಿಯೋ ಕಲ್ಲೆಸೆದೋ ಎಬ್ಬಿಸುವುದಕ್ಕೆ ‘ಸೋವುವುದು’ ಎನ್ನುತ್ತಾರೆ. ಅದೂ ಕೂಡದು.

ಈಗ ನೀವು ಕೇಳದಿದ್ದರೂ ಕಾಡಿನಲ್ಲಿ ಹೆಚ್ಚು ಗೊಂದಲ ಮಾಡುವ ಮಾತು: ‘ಎರಡು ಗಂಟೆಗೆ’. ಮರವನ್ನು ಗಡಿಯಾರದ ಮುಖವೆಂದುಕೊಂಡು, ನೆತ್ತಿ ಹನ್ನೆರಡು, ಬಲಬದಿ ಮೂರು ಎಂದು ಹಕ್ಕಿ ಇರುವ ಜಾಗ ಹೇಳುವುದು ಇಂಗ್ಲಿಷಿನ ಪದ್ಧತಿ. ಟ್ರೋಗನ್ ಎಂಬ ಕಾಡುಹಕ್ಕಿ ಕಂಡಾಗ ‘ಎರಡು ಗಂಟೆಗೆ ಟ್ರೋಗನ್ ಇದೆ’ ಎಂದು ಕನ್ನಡದಲ್ಲಿ ಪಿಸುಗುಟ್ಟಿದರೆ ಹೊಸಬರು ಕೈಗಡಿಯಾರ ನೋಡುತ್ತಾರೆ. ‘ಎರಡರ ಮುಳ್ಳಿಗೆ’ ಎಂದರೆ ದಿಕ್ಕು ಎಂದು ತಿಳಿಯುತ್ತದೆ. ಅದಕ್ಕಿಂತ ಚೆನ್ನಾಗಿರುವುದು ಮರದ ಭಾಗಗಳನ್ನೇ ಹೇಳುವುದು, ಕನ್ನಡದಲ್ಲಿ ಅದಕ್ಕೆ ಬಡತನವಿಲ್ಲ. ಬುಡ, ಬೊಡ್ಡೆ, ಕವಲು, ಕೊಂಬೆ, ರೆಂಬೆ, ಟಿಸಿಲು, ನೆತ್ತಿ. ಅಳತೆಗೆ ಗೇಣು, ಮೊಳ, ಮಾರು. ‘ಮತ್ತಿ ಮರ. ಎರಡಾಳೆತ್ತರದಲ್ಲಿ ಮೊದಲ ಕವಲು. ಎಡಗೊಂಬೆ. ಬೊಡ್ಡೆಯಿಂದ ಒಂದು ಮಾರು ಈಚೆಗೆ, ಒಣಗಿದ ರೆಂಬೆಯ ಕೆಳಗೆ.’ ಇಷ್ಟು ಹೇಳುವಷ್ಟರಲ್ಲಿ ಕೇಳುವವರ ಕಣ್ಣು ಮೊಸಳೆಯ ಚರ್ಮದಂತೆ ಬಿರಿದ ಮತ್ತಿಯ ತೊಗಟೆಯ ಮೇಲೆ ಏರಿ, ಕವಲಲ್ಲಿ ತಿರುಗಿ, ಒಣರೆಂಬೆಗೆ ಬಂದು ನಿಂತಿರುತ್ತದೆ. ಕೈ ಎತ್ತಿ ತೋರಿಸುವ ಅಗತ್ಯವೇ ಇಲ್ಲ. ಎತ್ತಿದರೆ ಹಕ್ಕಿ ಹೋಗುತ್ತದೆ. ಹಗಲಲ್ಲಿ ತರಗೆಲೆಯಂತೆ ಕಣ್ಣುಮುಚ್ಚಿ ಕೂರುವ ಕಪ್ಪೆಬಾಯಿ ಹಕ್ಕಿಯನ್ನು ತೋರಿಸಲಂತೂ ಬೇರೆ ದಾರಿಯಿಲ್ಲ. ಇದಕ್ಕಾಗಿ ಶಿಬಿರದ ಮೊದಲ ಸಂಜೆ ಮತ್ತಿ, ನಂದಿ, ಬಿದಿರ ಮೆಳೆ, ಗೋಳಿ ಇಷ್ಟನ್ನಾದರೂ ಬಂದವರಿಗೆ ಗುರುತು ಮಾಡಿಸಬೇಕು.

ಬೇರೆ ಬೇರೆ ಜಾತಿಯ ಹಕ್ಕಿಗಳು ಒಟ್ಟಾಗಿ ಹುಳ ಹಿಡಿಯುತ್ತ ಸಾಗುವ ಗುಂಪಿಗೆ ‘ಬೆರಕೆ ಹಿಂಡು’. ಬೆರಕೆ ಎಂದರೆ ಕಲಬೆರಕೆಯ ನೆನಪಾಗುತ್ತದೆ ಎನ್ನುವವರಿಗೆ ‘ಬೆರಕೆ ಸೊಪ್ಪು’ ನೆನಪಿಸಿ. ಭೀಮರಾಜ ಅದರ ಸುಳಿವು ಕೊಡುವ ಹಕ್ಕಿ, ಅದರ ಲೋಹದಂಥ ದನಿ ಕೇಳಿದರೆ ಹಿಂಡು ಬರುತ್ತಿದೆಯೆಂದು ಕಾಯಬಹುದು. ಮರಕುಟಿಗ ಬೊಡ್ಡೆಯಲ್ಲಿ, ಚಿತ್ರಪಕ್ಷಿ ನೆತ್ತಿಯಲ್ಲಿ, ಹರಟೆಮಲ್ಲ ಪೊದೆಯಲ್ಲಿ. ಹಿಂದೆ ಓಡಿದರೆ ಬಾಲ ಮಾತ್ರ ಕಾಣುತ್ತದೆ. ಸಾಗುವ ದಿಕ್ಕು ನೋಡಿ ಮುಂದೆ ಹೋಗಿ ನಿಲ್ಲಬೇಕು.

‘ಸ್ಥಳೀಯ’ ಎರಡು ಅರ್ಥ ಕೊಡುತ್ತದೆ, ವಲಸೆ ಹೋಗದ ಹಕ್ಕಿ ಎಂದೂ ಆಗುತ್ತದೆ, ಈ ಪ್ರದೇಶ ಬಿಟ್ಟು ಬೇರೆಲ್ಲೂ ಇಲ್ಲದ್ದು ಎಂದೂ ಆಗುತ್ತದೆ. ಮಡಿವಾಳ ಹಕ್ಕಿ ಮೊದಲನೆಯ ಅರ್ಥದಲ್ಲಿ ಸ್ಥಳೀಯ, ಎರಡನೆಯದರಲ್ಲಿ ಅಲ್ಲ. ದಾಂಡೇಲಿ ಸೀಮೆಯ ನಾಲ್ಕು ಬಗೆಯ ಮಂಗಟ್ಟೆಗಳಲ್ಲಿ (ಹಾರ್ನ್‌ಬಿಲ್) ಮಲಬಾರಿನ ಬೂದು ಮಂಗಟ್ಟೆ ಮಾತ್ರ ಪಶ್ಚಿಮ ಘಟ್ಟಕ್ಕೆ ಸೀಮಿತ. ಅದನ್ನು ‘ಘಟ್ಟಕ್ಕೆ ಸೀಮಿತವಾದ ಹಕ್ಕಿ’ ಎಂದೇ ಬರೆಯಿರಿ, ಮಡಿವಾಳನಿಗೆ ‘ನೆಲೆಸಿದ ಹಕ್ಕಿ’ ಇರಲಿ. ಮಂಗಟ್ಟೆಯ ಗೂಡಿಗೆ ‘ರಂಧ್ರ’ ಅಲ್ಲ, ‘ಪೊಟರೆ’.

ಲೈಫರ್‌ಗೆ ‘ಹೊಸ ಹಕ್ಕಿ’ ನಿಲ್ಲುವುದಿಲ್ಲ, ‘ಹೊಸ ಹಕ್ಕಿ ಪತ್ತೆ’ ಎಂದರೆ ವಿಜ್ಞಾನಕ್ಕೇ ಹೊಸದೆಂಬ ಸುದ್ದಿಯಾಗುತ್ತದೆ. ಮಾತಿನಲ್ಲಿ ಎಲ್ಲರೂ ಲೈಫರ್ ಎಂದೇ ಹೇಳುತ್ತಾರೆ. ಬರಹಕ್ಕೆ ‘ಮೊದಲ ಕಾಣ್ಕೆ’ ಇಟ್ಟು ನೋಡಿ. ಬೈನಾಕ್ಯುಲರ್ ಹಾಗೇ ಇರಲಿ, ಹಿರಿಯರಿಗೆ ‘ದುರ್ಬೀನು’ ಗೊತ್ತು. ಅಳತೆ ಮಾತ್ರ ಬಿಡಿಸಿ ಹೇಳಿ: 8×42 ಎಂದರೆ ಎಂಟು ಪಟ್ಟು ದೊಡ್ಡದು, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಘಟ್ಟದ ಮಬ್ಬು ಬೆಳಕಿಗೆ 10×42ಕ್ಕಿಂತ ಇದು ಮೇಲು, ಏಕೆಂದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಇದರಲ್ಲಿ 5.25 ಮಿಲಿಮೀಟರ್, ಅದರಲ್ಲಿ 4.2.

ಕರಪತ್ರದ ತಲೆಬರಹವೂ ಮೊದಲ ಸಾಲುಗಳೂ ಹೀಗಾಗಬಹುದು:

‘ಗಣೇಶಗುಡಿಯಲ್ಲಿ ಹಕ್ಕಿ ನೋಡುವ ಶಿಬಿರ. ಎರಡು ರಾತ್ರಿ, ನಾಲ್ಕು ಹೊತ್ತು, ಗೈಡ್ ಜೊತೆಗಿರುತ್ತಾರೆ. ಎರಡು ಹೊತ್ತು ಕಾಡಂಚಿನ ನಿಧಾನ ನಡಿಗೆ, ಎರಡು ಹೊತ್ತು ನೀರಿನ ಬೋಗುಣಿಯೆದುರು ಮರಸು ಕೂರುವುದು. ಜೀಪಿನ ಸುತ್ತಾಟ ಇರುವುದಿಲ್ಲ. ದನಿ ಹಾಕಿ ಹಕ್ಕಿ ಕರೆಯುವುದಿಲ್ಲ. ಮಣ್ಣಿನ ಬಣ್ಣದ ಬಟ್ಟೆ, ಸದ್ದು ಮಾಡದ ಶೂಸು, ಇದ್ದರೆ 8×42 ದುರ್ಬೀನು ತನ್ನಿ.’

ಟ್ರೋಗನ್ನಿಗೆ ಮಾತ್ರ ಎಲ್ಲ ಸೀಮೆಯಲ್ಲೂ ನಡೆಯುವ ಒಂದು ಹೆಸರು ಬೇಕಾಗಿದೆ. ಅದನ್ನು ಚೆನ್ನಾಗಿ ಬಲ್ಲ ಜೊಯಿಡಾ, ಆಗುಂಬೆ, ಕೊಡಗಿನ ಕಡೆಯವರು ತಮ್ಮ ಊರಿನಲ್ಲಿ ಏನೆನ್ನುತ್ತಾರೆಂದು ಬರೆದರೆ ಉಪಕಾರವಾಗುತ್ತದೆ.