ಹ್ಯಾಕಿಂಟಾಷ್‌ನಲ್ಲಿ ಆಪಲ್ ಖಾತೆ ತೆರೆಯುತ್ತಿಲ್ಲ: ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಮದುವೆ ವಿಡಿಯೊಗಳ ಎಡಿಟಿಂಗ್‌ಗಾಗಿ ತಾವೇ ಜೋಡಿಸಿದ ಕಂಪ್ಯೂಟರಿನಲ್ಲಿ ಆಪಲ್‌ನ ಮ್ಯಾಕ್ ಓಎಸ್ ಹಾಕಿಕೊಂಡಿರುವ (ಇಂಥ ಯಂತ್ರವೇ ಹ್ಯಾಕಿಂಟಾಷ್) ಹಲವು ಸದಸ್ಯರು ಆಪಲ್ ಖಾತೆಗೆ ಲಾಗಿನ್ ಆಗುತ್ತಿಲ್ಲವೆಂದು ಬರೆದಿದ್ದಾರೆ. ಕಂಪ್ಯೂಟರ್ ದುರಸ್ತಿಯಲ್ಲಿ ದೀರ್ಘ ಅನುಭವವಿರುವ ನಮ್ಮ ಮೇಡಂ ಇಂದು ಸಂಜೆ ಉತ್ತರಿಸುತ್ತಾರೆ. ಪಾಸ್‌ವರ್ಡ್, ಓಟಿಪಿ ಅಥವಾ ಸೀರಿಯಲ್ ನಂಬರನ್ನು ಯಾರೂ ಇಲ್ಲಿ ಹಾಕಬಾರದು.

ತುಮಕೂರಿನ ಸದಸ್ಯರು: ಮೇಡಂ, ನಮಸ್ಕಾರ. ಓಪನ್‌ಕೋರ್ (ಇಂಥ ಯಂತ್ರದಲ್ಲಿ ಮ್ಯಾಕ್ ಓಎಸ್ ಚಾಲೂ ಮಾಡಿಸುವ ತಂತ್ರಾಂಶ) ಮೂಲಕ ಮ್ಯಾಕ್ ಚೆನ್ನಾಗಿ ಬೂಟ್ ಆಗುತ್ತಿದೆ, ಸಫಾರಿಯೂ ಕೆಲಸ ಮಾಡುತ್ತಿದೆ. ಆದರೆ ಆಪ್ ಸ್ಟೋರ್‌ನಲ್ಲಿ ಮಾತ್ರ ನಿಮ್ಮ ಸಾಧನವನ್ನು ಪರಿಶೀಲಿಸಲಾಗಲಿಲ್ಲ ಎಂಬ ಸಂದೇಶ ಬರುತ್ತದೆ. ಯುಎಸ್‌ಬಿ ವೈಫೈ ಡಾಂಗಲ್ ಬಳಸುತ್ತಿದ್ದೇನೆ.

ಮೇಡಂ: ನಮಸ್ಕಾರ. ನಿಮ್ಮ ಇಂಟರ್‌ನೆಟ್‌ನಲ್ಲಿ ದೋಷವಿಲ್ಲ. ಯಂತ್ರವನ್ನು ಗುರುತಿಸಲು ಆಪ್ ಸ್ಟೋರ್ ಅದರೊಳಗೇ ಇರುವ ಮೊದಲ ನೆಟ್‌ವರ್ಕ್ ಕಾರ್ಡನ್ನು, ಅಂದರೆ ಮ್ಯಾಕ್ ‘ಇಎನ್0’ ಎಂದು ಕರೆಯುವುದನ್ನು, ನೋಡುತ್ತದೆ. ಆ ಜಾಗದಲ್ಲಿ ಹೊರಗಿನಿಂದ ಸಿಕ್ಕಿಸಿದ ಡಾಂಗಲ್ ಇದ್ದರೆ ಪರಿಶೀಲನೆ ವಿಫಲವಾಗುತ್ತದೆ. ಮದರ್‌ಬೋರ್ಡಿನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕದಿದ್ದರೂ ಅದಕ್ಕೆ ಸರಿಯಾದ ಕೆಕ್ಸ್ಟ್, ಅಂದರೆ ಮ್ಯಾಕ್‌ನ ಡ್ರೈವರ್ ಕಡತ, ಇರಲೇಬೇಕು. ಅದನ್ನು ಸೇರಿಸಿದ ಮೇಲೆ ಸಿಸ್ಟಂ ಕಾನ್ಫಿಗರೇಶನ್ ಫೋಲ್ಡರಿನಲ್ಲಿರುವ ನೆಟ್‌ವರ್ಕ್‌ಇಂಟರ್‌ಫೇಸಸ್ ಮತ್ತು ಪ್ರಿಫರೆನ್ಸಸ್ ಎಂಬ ಎರಡು ಪಿಲಿಸ್ಟ್ (ಸೆಟ್ಟಿಂಗ್) ಕಡತಗಳನ್ನು ಬೇರೆಡೆ ನಕಲಿಸಿಟ್ಟುಕೊಂಡು, ಮೂಲವನ್ನು ಅಳಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ. ಪೋರ್ಟುಗಳ ಎಣಿಕೆ ಮೊದಲಿನಿಂದ ಆಗಿ ಲ್ಯಾನ್‌ಗೆ ಇಎನ್0 ಸ್ಥಾನ ಸಿಗುತ್ತದೆ.

ದಾವಣಗೆರೆಯ ಸದಸ್ಯರು: ವಿಂಡೋಸ್ ಕೂಡ ಅದೇ ಯಂತ್ರದಲ್ಲಿದೆ. ಅಲ್ಲಿಂದ ಮ್ಯಾಕ್‌ಗೆ ಬಂದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಮುಂದಿರುತ್ತದೆ. ಕೆಲವೊಮ್ಮೆ ದಿನಾಂಕವೇ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ, ಆಗ ಲಾಗಿನ್ ಆಗುವುದೇ ಇಲ್ಲ.

ಮೇಡಂ: ಇವು ಎರಡು ಬೇರೆ ತೊಂದರೆಗಳು. ಬೋರ್ಡಿನ ಗಡಿಯಾರದಲ್ಲಿರುವುದು ನಮ್ಮ ಊರಿನ ಸಮಯವೆಂದು ವಿಂಡೋಸ್ ತಿಳಿಯುತ್ತದೆ, ಗ್ರೀನಿಚ್ ಸಮಯವೆಂದು ಮ್ಯಾಕ್ ತಿಳಿಯುತ್ತದೆ. ಐದೂವರೆ ಗಂಟೆ ಬಂದದ್ದು ಅಲ್ಲಿಂದ. ವಿಂಡೋಸ್ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಮೌಲ್ಯವನ್ನು 1 ಮಾಡಿ. ವರ್ಷಗಟ್ಟಲೆ ಹಿಂದೆ ಹೋಗುತ್ತಿದ್ದರೆ ಬೋರ್ಡಿನ ಸಿಆರ್2032 ಸೆಲ್ ಮುಗಿದಿರುವ ಸಾಧ್ಯತೆ ಹೆಚ್ಚು. ದಿನಾಂಕ ತಪ್ಪಿದ್ದರೆ ಸರ್ವರಿನ ಭದ್ರತಾ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ಯಂತ್ರ ಭಾವಿಸಿ ಸಂಪರ್ಕವನ್ನೇ ನಿರಾಕರಿಸುತ್ತದೆ. ಸೆಲ್ ಬದಲಾಯಿಸಿ.

ಕೊಪ್ಪಳದ ಸದಸ್ಯರು: ನನಗೂ ಆಪ್ ಸ್ಟೋರ್‌ನಲ್ಲಿ ಸಾಧನವನ್ನು ಪರಿಶೀಲಿಸಲಾಗಲಿಲ್ಲ ಎಂದು ಬರುತ್ತಿದೆ. ಪರಿಹಾರ ತಿಳಿಸಿ.

ಮೇಡಂ: ತುಮಕೂರಿನವರಿಗೆ ಬರೆದ ಉತ್ತರವನ್ನು ಓದಿ.

ಹಾಸನದ ಸದಸ್ಯರು: ಮೇಡಂ, ಸ್ವಲ್ಪ ದೊಡ್ಡ ಸಮಸ್ಯೆ. ಒಬ್ಬ ವ್ಯಾಪಾರಿಯಿಂದ ಮ್ಯಾಕ್ ಹಾಕಿ ಸಿದ್ಧಪಡಿಸಿದ ಎಸ್‌ಎಸ್‌ಡಿ ಕೊಂಡಿದ್ದೆ. ಎರಡು ತಿಂಗಳು ಎಲ್ಲವೂ ಸರಿಯಾಗಿತ್ತು. ಕಳೆದ ವಾರ ಖಾತೆ ತಾನಾಗಿಯೇ ಲಾಗ್ ಔಟ್ ಆಯಿತು. ಒಂಬತ್ತು ಬಾರಿ ಪ್ರಯತ್ನಿಸಿದ ಮೇಲೆ ಭದ್ರತೆಗಾಗಿ ಲಾಕ್ ಆಗಿದೆ ಎಂದು ಬರುತ್ತಿದೆ. ಕೋಡ್ ಬರುವ ಮೊಬೈಲ್ ನಂಬರ್ ರೀಚಾರ್ಜ್ ಇಲ್ಲದೆ ನಿಂತುಹೋಗಿದೆ. ತೀರಿಕೊಂಡ ನನ್ನ ತಂದೆಯವರ ಫೋಟೊಗಳೆಲ್ಲ ಐಕ್ಲೌಡ್‌ನಲ್ಲಿವೆ. ಮನೆಯವರ ಹಳೆಯ ಐಫೋನಿನಲ್ಲೂ ಇದೇ ಖಾತೆ ಇದೆ. ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಮೂಲಕ ಕಂಪ್ಯೂಟರ್ ಬಿಟ್ಟುಕೊಟ್ಟು ಓಟಿಪಿ ಹೇಳಿದರೆ ಸರಿಮಾಡುತ್ತೇನೆ ಎಂದು ವ್ಯಾಪಾರಿ ಹೇಳುತ್ತಿದ್ದಾರೆ.

ಮೇಡಂ: ಮೊದಲು ಆ ಕಂಪ್ಯೂಟರನ್ನು ಆಫ್ ಮಾಡಿ. ಹತ್ತನೆಯ ಪ್ರಯತ್ನ ಬೇಡ. ವ್ಯಾಪಾರಿಗೆ ಓಟಿಪಿ ಕೊಡಲೇಬೇಡಿ, ಎನಿಡೆಸ್ಕ್ ತೆರೆಯಲೂ ಬೇಡಿ. ಉಳಿದವರ ಪ್ರಶ್ನೆಗಳು ಯಂತ್ರದ ಬಗ್ಗೆ ಇವೆ; ನಿಮ್ಮದು ಖಾತೆಯ ಬಗ್ಗೆ ಇದೆ. ಯಂತ್ರವನ್ನು ನಾಳೆಯೂ ಸರಿಮಾಡಬಹುದು, ಖಾತೆ ಕೈತಪ್ಪಿದರೆ ನಿಮ್ಮ ತಂದೆಯವರ ಫೋಟೊಗಳನ್ನು ನಾನಾಗಲಿ ಇನ್ನೊಬ್ಬರಾಗಲಿ ತಂದುಕೊಡಲಾರೆವು.

ಮನೆಯವರ ಐಫೋನ್ ಇದ್ದಿರುವುದು ನಿಮ್ಮ ಪುಣ್ಯ. ಅದರಲ್ಲಿ ಖಾತೆಯಿಂದ ಸೈನ್ ಔಟ್ ಮಾಡಬೇಡಿ, ಅದನ್ನು ರಿಸೆಟ್ ಮಾಡಬೇಡಿ, ಜಾಗ ಸಾಲದೆಂದು ಒಂದು ಫೋಟೊವನ್ನೂ ಅಳಿಸಬೇಡಿ. ಫೋನಿನಲ್ಲಿ ಅಳಿಸಿದ್ದು ಐಕ್ಲೌಡ್‌ನಿಂದಲೂ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹೆಸರಿನ ಮೇಲೆ ಒತ್ತಿ ಸೈನ್ ಇನ್ ಮತ್ತು ಸೆಕ್ಯುರಿಟಿ ಭಾಗಕ್ಕೆ ಹೋಗಿ. ಆ ಫೋನ್ ನಂಬಿಕೆಯ ಸಾಧನವಾಗಿ ಉಳಿದಿದ್ದರೆ ಫೋನಿನ ಪಾಸ್‌ಕೋಡ್ ಕೊಟ್ಟು ಹೊಸ ಪಾಸ್‌ವರ್ಡ್ ಇಡಬಹುದು, ಈಗ ಚಾಲ್ತಿಯಲ್ಲಿರುವ ನಂಬರನ್ನು ಸೇರಿಸಬಹುದು. ಜೊತೆಗೆ ನಾಳೆ ಬೆಳಿಗ್ಗೆಯೇ ಸಿಮ್ ಕಂಪನಿಯ ಮಳಿಗೆಗೆ ಹೋಗಿ, ಹಳೆಯ ನಂಬರ್ ಬೇರೊಬ್ಬರ ಪಾಲಾಗುವ ಮೊದಲು ಮರಳಿ ಸಿಗುತ್ತದೆಯೇ ಎಂದು ಕೇಳಿ.

ಫೋನಿನಿಂದ ಸಾಧ್ಯವಾಗದಿದ್ದರೆ ಆಪಲ್‌ನ ಖಾತೆ ಮರುಪಡೆಯುವ ಅರ್ಜಿಯೊಂದೇ ದಾರಿ. ಅದಕ್ಕೆ ಹಲವು ದಿನಗಳು ಬೇಕು. ನಡುವೆ ಬೇರೆ ಸಾಧನದಿಂದ ಖಾತೆ ಬಳಸಿದರೆ ಅರ್ಜಿ ರದ್ದಾಗಬಹುದು. ಕಂಪ್ಯೂಟರ್ ಆಫ್ ಮಾಡಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ. ಒಳಗೆ ಹೋದ ಕೂಡಲೇ ಸಾಧನಗಳ ಪಟ್ಟಿಯಿಂದ ಆ ಕಂಪ್ಯೂಟರನ್ನು ತೆಗೆದುಹಾಕಿ, ಆಮೇಲೆ ಫೋಟೊಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಐಕ್ಲೌಡ್ ಜಾಲತಾಣದಲ್ಲಿ ಒಮ್ಮೆಗೆ 1000 ಮಾತ್ರ ಇಳಿಯುತ್ತವೆ. ಆಪಲ್‌ನ ಪ್ರೈವೆಸಿ ಪುಟದಲ್ಲಿ ಎಲ್ಲದರ ಪ್ರತಿಯನ್ನೂ ಒಟ್ಟಿಗೆ ಕೇಳಬಹುದು. ಅದು ಸಿದ್ಧವಾಗಲು ಏಳು ದಿನಗಳವರೆಗೆ ಹಿಡಿಯುತ್ತದೆ.

ಹೀಗೇಕಾಯಿತು ಎಂಬುದನ್ನೂ ಹೇಳುತ್ತೇನೆ. ಓಪನ್‌ಕೋರ್‌ನ ಕಾನ್ಫಿಗ್ ಕಡತದಲ್ಲಿ ಸೀರಿಯಲ್ ನಂಬರ್, ಬೋರ್ಡ್ ನಂಬರ್, ಯುಯುಐಡಿ, ರಾಮ್ (ಆರ್‌ಒಎಂ, ಮೆಮೊರಿಯ ರ‍್ಯಾಮ್ ಅಲ್ಲ) ಎಂಬ ನಾಲ್ಕು ಗುರುತುಗಳಿರುತ್ತವೆ. ಸಿದ್ಧಪಡಿಸಿದ ಡಿಸ್ಕ್ ಮಾರುವವರು ಒಂದೇ ಪ್ರತಿಯನ್ನು ಎಲ್ಲರಿಗೂ ಕೊಟ್ಟರೆ, ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಖಾತೆಗಳು ಒಂದೇ ಯಂತ್ರದಿಂದ ಬಂದಂತೆ ಸರ್ವರಿಗೆ ಕಾಣುತ್ತದೆ. ನಿಮ್ಮ ಸೀರಿಯಲ್ ನಂಬರನ್ನು ಆಪಲ್‌ನ ವಾರಂಟಿ ಪುಟದಲ್ಲಿ ಹಾಕಿದಾಗ ಕೊಂಡ ದಿನಾಂಕ ಕಾಣಿಸಿಕೊಂಡರೆ ಅದು ಇನ್ನಾರೋ ಹಣ ಕೊಟ್ಟು ಕೊಂಡ ನಿಜವಾದ ಮ್ಯಾಕಿನ ನಂಬರ್, ಅದನ್ನು ಬಳಸುವ ಹಕ್ಕು ನಿಮಗಿಲ್ಲ. ವ್ಯಾಪಾರಿ ಒಳಗೆ ಇನ್ನೇನು ಹಾಕಿದ್ದಾರೋ ತಿಳಿಯದಿರುವಾಗ ಆ ಎಸ್‌ಎಸ್‌ಡಿಯಲ್ಲಿರುವ ನಿಮ್ಮ ಪ್ರಾಜೆಕ್ಟ್‌ಗಳನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಪೂರ್ತಿ ಅಳಿಸಬೇಕು.

ವಿಜಯಪುರದ ಸದಸ್ಯರು: ನಾನು ಓಪನ್‌ಕೋರ್ ಜೊತೆ ಬರುವ ಮಾದರಿ ಕಡತವನ್ನು ಬಳಸಿದ್ದೇನೆ. ರಾಮ್ ಜಾಗದಲ್ಲಿ 112233445566 ಎಂದಿದೆ. ಇದೂ ತೊಂದರೆಯೇ?

ಮೇಡಂ: ಹೌದು. ಅದು ಮಾದರಿಗಾಗಿ ಬರೆದಿಟ್ಟ ಸಂಖ್ಯೆ. ಅಲ್ಲಿ ನಿಮ್ಮ ಲ್ಯಾನ್ ಕಾರ್ಡಿನ ಎಂಎಸಿ ವಿಳಾಸ, ಅಂದರೆ ಆ ಕಾರ್ಡಿನದೇ ಗುರುತು ಸಂಖ್ಯೆ, ಇರಬೇಕು.

ಶಿರಸಿಯ ಸದಸ್ಯರು: ಐಮೆಸೇಜ್‌ನಲ್ಲಿ ಗ್ರಾಹಕ ಕೋಡ್ ಹೇಳಿ ಆಪಲ್‌ಗೆ ಕರೆ ಮಾಡಿ ಎಂದು ಬರುತ್ತಿದೆ. ಕರೆ ಮಾಡಬಹುದೇ?

ಹುಬ್ಬಳ್ಳಿಯ ಸದಸ್ಯರು: ಎಲ್ಲರಿಗೂ ಅನುಕೂಲವಾಗಲೆಂದು ಇನ್ನೊಂದು ಗುಂಪಿನಲ್ಲಿ ಬಂದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಕೋಡ್ ಕೂಡ ಕೇಳುವ ಭದ್ರತೆ) ಆಫ್ ಮಾಡಿ, ಕೀಚೈನ್ಸ್ ಫೋಲ್ಡರ್ ಅಳಿಸಿ, ಸ್ನೇಹಿತರ ನಿಜವಾದ ಮ್ಯಾಕಿನ ಸೀರಿಯಲ್ ನಂಬರ್ ಹಾಕಿ. ನೂರಕ್ಕೆ ನೂರು ಲಾಗಿನ್ ಆಗುತ್ತದೆ.

ಮೇಡಂ: ಇದನ್ನು ಯಾರೂ ಮಾಡಬೇಡಿ. ಟೂ ಫ್ಯಾಕ್ಟರ್ ಆನ್ ಆಗಿ ಎರಡು ವಾರ ಕಳೆದ ಮೇಲೆ ಅದನ್ನು ಆಫ್ ಮಾಡಲು ಬರುವುದಿಲ್ಲ. ಕೀಚೈನ್ಸ್ ಅಳಿಸಿದರೆ ಆ ಯಂತ್ರದಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಹೋಗುತ್ತವೆ. ಮೂರನೆಯ ಸಲಹೆಯಿಂದ ನಿಮ್ಮ ಸ್ನೇಹಿತರ ಖಾತೆಯೂ ಅಪಾಯಕ್ಕೆ ಸಿಗುತ್ತದೆ. ಹಾಸನದವರ ಸ್ಥಿತಿಯನ್ನು ಓದಿದ ಮೇಲೆಯೂ ಇದನ್ನು ಇಲ್ಲಿ ಹಾಕಿದ್ದೀರಲ್ಲ! ದಯವಿಟ್ಟು ಅಳಿಸಿ.

ಹುಬ್ಬಳ್ಳಿಯ ಸದಸ್ಯರು: ಕೆಲವರಿಗೆ ಕೆಲಸ ಮಾಡಿದೆ, ಮೇಡಂ.

ಮೇಡಂ: ಕೆಲಸ ಮಾಡದವರು ನನ್ನ ಅಂಗಡಿಗೆ ಬರುತ್ತಾರೆ. ಅಳಿಸಿ.

ಮಂಗಳೂರಿನ ಸದಸ್ಯರು: ಮೂಲ ಪ್ರಶ್ನೆಯನ್ನೇ ಯಾರೂ ಎತ್ತುತ್ತಿಲ್ಲ. ಆಪಲ್ ಕಂಪ್ಯೂಟರಿನಲ್ಲಿ ಮಾತ್ರ ಮ್ಯಾಕ್ ಓಎಸ್ ಬಳಸಬೇಕೆಂದು ಅದರ ಪರವಾನಗಿಯಲ್ಲೇ ಬರೆದಿದೆ. ಅಮೆರಿಕದಲ್ಲಿ ಹೀಗೆ ಯಂತ್ರ ಮಾಡಿ ಮಾರುತ್ತಿದ್ದ ಸೈಸ್ಟಾರ್ ಕಂಪನಿಯ ಮೇಲೆ ಆಪಲ್ 2008ರಲ್ಲಿ ಮೊಕದ್ದಮೆ ಹೂಡಿ 2009ರಲ್ಲಿ ಗೆದ್ದಿತು.

ಬೆಂಗಳೂರಿನ ಸದಸ್ಯರು: ಅದು ಮಾರಾಟದ ಪ್ರಕರಣ. ಮನೆಯಲ್ಲಿ ಒಬ್ಬರು ಬಳಸುವುದೂ ಅದೂ ಒಂದೇ ಅಲ್ಲ. ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಹೊಟ್ಟೆಪಾಡಿಗೆ ಎಡಿಟಿಂಗ್ ಮಾಡುವವರಿಗೆ ನೀವು ಪಾಠ ಹೇಳಬೇಕಾಗಿಲ್ಲ.

ಮಂಗಳೂರಿನ ಸದಸ್ಯರು: ಪರವಾನಗಿ ಇಬ್ಬರಿಗೂ ಒಂದೇ. ನಾನೂ ಎಡಿಟಿಂಗ್‌ನಿಂದಲೇ ಬದುಕುತ್ತೇನೆ, ಸೆಕೆಂಡ್ ಹ್ಯಾಂಡ್ ಮ್ಯಾಕ್ ಮಿನಿ ಕೊಂಡಿದ್ದೇನೆ. ಹ್ಯಾಕಿಂಟಾಷ್‌ಗೆ ಆಧಾರವಾದ ಇಂಟೆಲ್ ಪ್ರೊಸೆಸರ್ ಯಂತ್ರಗಳಿಗೆ ಟಾಹೋ ಎಂಬುದೇ ಮ್ಯಾಕ್ ಓಎಸ್‌ನ ಕೊನೆಯ ಆವೃತ್ತಿಯೆಂದು ಆಪಲ್ 2025ರಲ್ಲೇ ತಿಳಿಸಿದೆ. ಈ ದಾರಿ ಎಲ್ಲಿಯವರೆಗೆ ಹೋಗುತ್ತದೆ?

ಬೆಂಗಳೂರಿನ ಸದಸ್ಯರು: ಕೊಳ್ಳುವ ಶಕ್ತಿ ನಿಮಗಿದೆ, ಕೊಂಡಿದ್ದೀರಿ. ಇಲ್ಲದವರನ್ನು ಕಳ್ಳರೆನ್ನಬೇಡಿ.

ಮಂಗಳೂರಿನ ಸದಸ್ಯರು: ಆ ಪದವನ್ನು ಬಳಸಿದ್ದು ನೀವು.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಶಿರಸಿಯ ಸದಸ್ಯರು: ಗ್ರಾಹಕ ಕೋಡ್ ಬಗ್ಗೆ ಕೇಳಿದ್ದೆ, ಮೇಡಂ.

ಕೊಪ್ಪಳದ ಸದಸ್ಯರು: ಎರಡು ಕಡತ ಅಳಿಸಿದೆ, ಆದರೂ ಆಗಲಿಲ್ಲ.

ಮೇಡಂ: ಕೆಕ್ಸ್ಟ್ ಸೇರಿಸಿದಿರಾ?

ಕೊಪ್ಪಳದ ಸದಸ್ಯರು: ಇಲ್ಲ.

ಮೇಡಂ: ಹಾಗಾದರೆ ಉತ್ತರವನ್ನು ನೀವು ಪೂರ್ತಿ ಓದಿಲ್ಲ.

ಹಾಸನದ ಸದಸ್ಯರು: ಮೇಡಂ, ಐಫೋನಿನಲ್ಲಿ ಪಾಸ್‌ವರ್ಡ್ ಬದಲಾಯಿತು. ಮನೆಯವರ ನಂಬರನ್ನು ಸೇರಿಸಿದ್ದೇನೆ. ಫೋಟೊಗಳು ಕಾಣುತ್ತಿವೆ, ಆದರೆ ಕೆಲವು ಮಸುಕಾಗಿವೆ. ಈಗ ಕಂಪ್ಯೂಟರಿನಲ್ಲಿ ಒಮ್ಮೆ ಲಾಗಿನ್ ಮಾಡಿ ನೋಡಲೇ?

ಮೇಡಂ: ಬೇಡ. ಜಾಗ ಉಳಿಸಲು ಫೋನಿನಲ್ಲಿ ಚಿಕ್ಕ ಪ್ರತಿಗಳಷ್ಟೇ ಇರುತ್ತವೆ, ಮಸುಕಾಗಿ ಕಾಣುವುದು ಅದಕ್ಕೆ. ಮೂಲ ಪ್ರತಿಗಳು ಇನ್ನೂ ಸರ್ವರಿನಲ್ಲೇ ಇವೆ. ಅವು ನಿಮ್ಮ ಹಾರ್ಡ್ ಡಿಸ್ಕಿಗೆ ಇಳಿದು, ಹತ್ತಾರು ಫೋಟೊಗಳನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳುವವರೆಗೆ ಆ ಕಂಪ್ಯೂಟರಿನ ಸ್ವಿಚ್ ಹಾಕಬೇಡಿ.